ಐದಕ್ಕೆ ಐದು

ರುವೇನ್. ಎಂಟು ವರ್ಷ. ಎರಡನೇ ತರಗತಿ, ಎರಡನೇ ಸಲ.
ಕುರ್ಚಿಯಲ್ಲಿ ಕೂತಲ್ಲಿ ಕೂರಲಾರ,
ನನ್ನ ಟೇಪನ್ನೇ ಹಾವು ಮಾಡಿ ಆಡುತ್ತಾನೆ.
ತಲೆಯ ಸುತ್ತಳತೆ ನಲವತ್ತೆಂಟು ಚಿಲ್ಲರೆ.
ಕಣ್ಣಿನ ಸೀಳು ಇಪ್ಪತ್ಮೂರು ಮಿಲಿಮೀಟರ್.
ಮೂಗಿನಿಂದ ಮೇಲ್ದುಟಿಗೆ ಇಳಿಯಬೇಕಾದ ಕಾಲುವೆ
ಇಲ್ಲವೇ ಇಲ್ಲ. ಯಾರೋ ಒದ್ದೆಗೈಯಲ್ಲಿ ನೀವಿದ ಹಾಗೆ ಸಪಾಟು.
ಫಾರಂನಲ್ಲಿ ಒಂದರಿಂದ ಐದರವರೆಗೆ ಅಂಕೆಗಳು,
ಐದಕ್ಕೆ ಸುತ್ತು ಹಾಕುತ್ತೇನೆ.
'ಐದಕ್ಕೆ ಐದಾ, ಮಿಸ್?' ಹಿಗ್ಗುತ್ತಾನೆ.
ಅಷ್ಟು ಅಂಕ ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಹೊರಗೆ, ನಮ್ಮ ಸಂಸ್ಥೆಯ ವ್ಯಾನಿನ ನೆರಳಲ್ಲಿ
ಅವನಮ್ಮ ಸೀನಾ ಆರೆಂಡ್ಸ,
ಬೆರಳಲ್ಲಿ ದ್ರಾಕ್ಷಿಕತ್ತರಿಯ ಗಾಯ.
ಹದಿನಾಲ್ಕನೇ ಪ್ರಶ್ನೆಯನ್ನು ನಾನು ಯಾವಾಗಲೂ
ಕಾಗದ ನೋಡಿಕೊಂಡೇ ಕೇಳುವುದು.
'ಶನಿವಾರ ಮಾತ್ರ,' ಅಂದಳು.
ಆಮೇಲೆ, 'ಶುಕ್ರವಾರವೂ.'
ಆಮೇಲೆ ತುಂಬ ಹೊತ್ತು ಬಿಟ್ಟು,
'ಬಸುರಿ ಅಂತ ಗೊತ್ತಾದಾಗ ಐದು ತಿಂಗಳು.
ಗೊತ್ತಾದ ಮೇಲೆ
ಹೆದರಿ ಕುಡಿದೆ.'

ಈಗ ಮತ್ತೆ ನಾಲ್ಕು ತಿಂಗಳು.
ನಾವು ಕೊಟ್ಟ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ, ಅರವತ್ತೊಂದು ಗೆರೆ.
ಗಂಡ ಕ್ರಿಸ್ಟೋಫೆಲ್ ಗೇಲಿ ಮಾಡುತ್ತಾನಂತೆ,
ಮಾಡುತ್ತಲೇ ತನ್ನ ಬಾಟಲಿಯನ್ನು
ಕೋಳಿಗೂಡಿನ ಹಿಂದೆ ಇಡುತ್ತಾನಂತೆ.

ನಾನು ಹುಟ್ಟಿದ್ದೂ ಹೆಕ್ಸ್ ನದಿಯ ಇಂಥದೇ ತೋಟದಲ್ಲಿ.
ಆಗ ಬಟವಾಡೆಯಲ್ಲಿ ಒಂದು ಪಾಲು ವೈನೇ.
ಬೆಳಗಾದರೆ ತಗಡಿನ ಲೋಟ ಹಿಡಿದು ಸಾಲು,
ಮಧ್ಯಾಹ್ನ ಸಾಲು, ಸಂಜೆ ಸಾಲು.
ತುಂಬುಬಸುರಿ ನಮ್ಮಮ್ಮನನ್ನು
ಎಲ್ಲರೂ ಮುಂದೆ ಬಿಡುತ್ತಿದ್ದರಂತೆ.
ಅದು ಮರ್ಯಾದೆ.

ರಾತ್ರಿ ಕನ್ನಡಿಯ ಮುಂದೆ ಮೂಗಿನ ಕೆಳಗೆ ಬೆರಳಿಡುತ್ತೇನೆ.
ಇದೆ ಕಾಲುವೆ. ಆಳವಿಲ್ಲ. ಎರಡು ಅನ್ನಬಹುದು, ಮೂರೂ ಅನ್ನಬಹುದು.
ಅಣ್ಣ ಫ್ಲೋರ್ಸನಿಗೆ ಇರಲಿಲ್ಲ.
ದುಡ್ಡೆಣಿಸಲು ಬಾರದವನನ್ನು ಸೋಮಾರಿ ಎಂದೆವು,
ಮೇಷ್ಟರು ಹೊಡೆದರು, ಅಪ್ಪ ಹೊಡೆದ,
ಒಂದು ಸಲ ನಾನೂ, ಬೆಲ್ಟಿನ ಕೊಂಡಿಯಿಂದ.
ಅವನ ಅಳತೆ ಯಾವ ಫಾರಂನಲ್ಲೂ ಇಲ್ಲ.

ಚೀಲ ತೆಗೆದರೆ ಟೇಪು ಕಾಣೆ.
ಗುರುವಾರ ಮತ್ತೆ ಹೋದಾಗ
ರುವೇನ್ ಅದನ್ನು ಸೀನಾಳ ಹೊಟ್ಟೆಗೆ ಸುತ್ತಿ
ಅಂಕೆ ಓದುತ್ತಿದ್ದ, ತಪ್ಪುತಪ್ಪಾಗಿ, ಜೋರಾಗಿ.
ನನ್ನ ಕಂಡದ್ದೇ ಕೂಗಿದ:
'ಮಿಸ್, ಪಾಪುಗೂ ಐದಕ್ಕೆ ಐದು!'
ಸೀನಾ ನಕ್ಕಳು. ಅಂಕೆಯ ಅರ್ಥ ಅವಳಿಗೆ ನಾನಿನ್ನೂ ಹೇಳಿಲ್ಲ.
ಮಂಡಿಯೂರಿ ಟೇಪು ಬಿಡಿಸಿಕೊಂಡೆ,
ಬೇಡ ಕಣೋ, ಅಂದೆ, ಅಷ್ಟೊಂದು ಬೇಡ,
ಅದಕ್ಕೆ
ಒಂದು ಸಾಕು.