ಹದಿನೇಳರ ಸ್ಪ್ಯಾನರು

ಮಾರಿದವನು ಹೇಳಿದ್ದ: ಇಪ್ಪತ್ತು ವರ್ಷಕ್ಕೆ ಏನೂ ಆಗುವುದಿಲ್ಲ.
ಅವನ ಅಂಗಡಿ ಘಟ್ಟದ ಮೇಲೆ.
ಮಲ್ಪೆಯ ಗಾಳಿಗೆ ಹಲ್ಲುಂಟು ಎಂದು
ಅವನಿಗೆ ಹೇಗೆ ಗೊತ್ತಾಗಬೇಕು?

ಐಸ್ ಪ್ಲಾಂಟಿನ ತಾರಸಿ, ಅದರ ಮೇಲೆ ಅರವತ್ತಡಿ ಕಂಬ,
ತುದಿಯಲ್ಲಿ ಮೂವತ್ತಾರು ಅಡಿಯ ಬೆನ್ನು,
ಬೆನ್ನಿಗೆ ಐದು ಅಡ್ಡಕಡ್ಡಿ
ಬಂಗುಡೆ ತಿಂದಿಟ್ಟ ಮುಳ್ಳಿನ ಹಾಗೆ.
ಹಗಲು ಕಂಪ್ರೆಸರ್ ನೋಡುತ್ತೇನೆ. ಪಾಳಿ ಮುಗಿದ ಮೇಲೆ
ಕೂದಲಲ್ಲಿ ಅಮೋನಿಯದ ವಾಸನೆ ಇಟ್ಟುಕೊಂಡೇ
ಇಪ್ಪತ್ತು ಮೀಟರಿನ ಅಲೆಗೆ ಕಿವಿ ಕೊಡುತ್ತೇನೆ.
“ಪ್ರೆಸಿಲ್ಲಬಾಯಿ, ಅದರಲ್ಲಿ ಮೀನು ಒಣಗಿಸುವುದಾ?”
ಕೇಳದ ಲಾರಿ ಡ್ರೈವರಿಲ್ಲ.

ಮೊದಲ ಮಳೆಗಾಲಕ್ಕೆ ಹಗ್ಗ ಹೋಯಿತು.
ಬಿಳಿ ನೈಲಾನು, ಏಪ್ರಿಲಿನ ಬಿಸಿಲು ತಿಂದು
ಮುಟ್ಟಿದರೆ ಅಕ್ಕಿಹಿಟ್ಟು.
ವಾಮನ ತಿಂಗಳಾಯರು ಟ್ರಾಲ್ ಬೋಟಿನ ಕಪ್ಪು ಹಗ್ಗ ತಂದರು:
“ಇದು ಬೋಟನ್ನೇ ಹಿಡಿದದ್ದು. ನಿಮ್ಮ ಜೇಡನನ್ನು ಬಿಡ್ತದಾ?”
ಬಿಡಲಿಲ್ಲ, ಒಪ್ಪಬೇಕು.

ಮತ್ತೊಮ್ಮೆ ಹದ್ದು.
ಮುಂದಿನ ಕಡ್ಡಿಯ ತುದಿಯಲ್ಲಿ ಕೂತು
ನಿಧಾನಕ್ಕೆ ಬೂತಾಯಿ ಹರಿದು ತಿಂದಿತು. ಕಡ್ಡಿ ಬಗ್ಗಿತು.
ಮೀಟರಿನ ಮುಳ್ಳು ಮಾತ್ರ ಒಂದೂವರೆ ದಾಟಲಿಲ್ಲ,
ನೋಡಲಿಕ್ಕೆ ಚಂದ ಹೋದದ್ದು, ಅಷ್ಟೆ.
ಚಂದಕ್ಕೂ ಕೇಳಿಸುವುದಕ್ಕೂ ನೆಂಟಸ್ತಿಕೆ ಇಲ್ಲವೆಂದು
ಆವತ್ತು ಗೊತ್ತಾಯಿತು.

ನಿಜವಾದ ಕಳ್ಳ ಬೇರೆ.
ಉಕ್ಕಿನ ಬೋಲ್ಟು, ಅಲ್ಯುಮಿನಿಯಂ ಕೊಳವೆ,
ಎರಡೂ ತಾಗುವಲ್ಲಿ ಉಪ್ಪುನೀರಿನ ಒಂದು ಹನಿ.
ಒಂದು ಇನ್ನೊಂದನ್ನು ತಿನ್ನುತ್ತದೆ, ಸದ್ದಿಲ್ಲದೆ,
ಪಾಲು ಕೇಳಲು ಶುರುಮಾಡಿದ ಅಣ್ಣತಮ್ಮಂದಿರ ಹಾಗೆ.
ಹೊರಗಿಂದ ಕಾಣುವುದು ಚಿಟಿಕೆ ಬಿಳಿ ಹುಡಿ.
ಮೂರನೆಯ ವರ್ಷ ಮುಳ್ಳು ಮೂರಕ್ಕೆ ಹೋಗಿ ಕೂತಿತು.
ನಿನ್ನ ದನಿ ಬಾವಿಯೊಳಗಿಂದ ಬರ್ತಾ ಉಂಟು ಅಂದರು ದೂರದವರು.
ಕೇಬಲ್ ಕೊಯ್ದೆವು. ತಾಮ್ರ ಕಪ್ಪಾಗಿತ್ತು.
ಹಿಂಡಿದರೆ ಒಂದು ಚಮಚ ನೀರು.

ಎಲ್ಲ ಇಳಿಸಿ, ಎಲ್ಲ ಬಿಚ್ಚಿ,
ಬಿಚ್ಚದ್ದನ್ನು ಗರಗಸದಲ್ಲಿ ಕೊಯ್ದು,
ಪ್ರತಿ ಸಂದಿಗೆ ಬೋಟಿನ ಗ್ರೀಸು ಮೆತ್ತಿ,
ಲೋಹಕ್ಕೆ ಲೋಹ ತಾಗದಂತೆ ನಡುವೆ ಒಂದು ಪ್ಲಾಸ್ಟಿಕ್ ವಾಶರು.
ಹತ್ತು ರೂಪಾಯಿಗೆ ಎಂಟು ಸಿಗುತ್ತದೆ ಅದು.
ಎಷ್ಟೋ ಮನೆಗಳಲ್ಲಿ ಇಲ್ಲದ್ದು.

ಆ ಡಿಸೆಂಬರಿನಲ್ಲಿ ಸಿಕ್ಕಿದವನು ಆರ್ನೆ,
ನಾರ್ವೆಯ ತುದಿಯ ಯಾವುದೋ ದ್ವೀಪ.
ಅವನ ಎರಡು ಕಂಬ ಬಿದ್ದದ್ದು ಐಸಿನ ಭಾರಕ್ಕಂತೆ.
ಐಸು! ನನಗೆ ನಗು ತಡೆಯಲಾಗಲಿಲ್ಲ.
ನಿನ್ನನ್ನು ಬೀಳಿಸಿದ್ದನ್ನು ನಾನು ಬ್ಲಾಕಿನ ಲೆಕ್ಕದಲ್ಲಿ ಮಾರುತ್ತೇನೆ,
ದಿನಕ್ಕೆ ಮುನ್ನೂರು, ಎಂದೆ.
ಅವನೂ ನಕ್ಕ, ಕರಕರ ಸದ್ದಿನ ನಡುವೆ.
ನಲವತ್ತು ನಿಮಿಷ ಮಾತಾಡಿದೆವು:
ಯಾವ ಗ್ರೀಸು, ಕೊಳವೆಯ ದಪ್ಪ ಎಷ್ಟು,
ಹಗ್ಗ ಎಷ್ಟು ಬಿಗಿದರೆ ಸಾಕು, ಎಷ್ಟು ಬಿಗಿದರೆ ಹೆಚ್ಚಾಯಿತು.
ವಯಸ್ಸು ಕೇಳಲಿಲ್ಲ. ಮದುವೆ ಕೇಳಲಿಲ್ಲ.
ಊರಲ್ಲಿ ಯಾರು ನನ್ನೊಂದಿಗೆ ಅಷ್ಟು ಹೊತ್ತು
ಅದೆರಡನ್ನು ಬಿಟ್ಟು ಮಾತಾಡಿದ್ದಾರೆ?

ಮತ್ತೆ ನಾಲ್ಕು ಮಳೆಗಾಲ ಹೋಯಿತು.
ಈ ಮೇ ತಿಂಗಳ ಚಂಡಮಾರುತದಲ್ಲಿ
ಪ್ಲಾಂಟಿನ ಶೀಟುಗಳು ಹಾರಿ ಧಕ್ಕೆಯಲ್ಲಿ ಬಿದ್ದವು.
ಬೆಳಿಗ್ಗೆ ತಿಂಗಳಾಯರು ಹತ್ತಿದರು. ಅರವತ್ತೆಂಟು ಅವರಿಗೆ,
ಬೇಡವೆಂದರೆ ಕೇಳುವ ಜನ ಅಲ್ಲ.
ಹದಿನೇಳರ ಸ್ಪ್ಯಾನರು ಹಚ್ಚಿದ್ದು ಕೆಳಗಿಂದ ಕಂಡಿತು.
ನಾನು ಉಸಿರು ಬಿಡಲಿಲ್ಲ.
“ತಿರುಗ್ತದೆ ಬಾಯಿ!” ಮೇಲಿಂದ ಕೂಗು.
“ನಿನ್ನೆ ಹಾಕಿದ ಹಾಗೆ ಉಂಟು!”

ಆರ್ನೆ ಸಿಗದೆ ಇವತ್ತಿಗೆ ಇಪ್ಪತ್ತಮೂರು ದಿನ.
ಸೂರ್ಯನ ಮೇಲೆ ಕಲೆ ಹೆಚ್ಚಾದರೆ, ಕಮ್ಮಿಯಾದರೆ
ಅಲೆ ದಾರಿ ತಪ್ಪುವುದುಂಟು. ಅವನ ಮೂರನೇ ಕಂಬವೂ ಬಿದ್ದಿರಬಹುದು.
ವಾಯವ್ಯದಿಂದ ಒಂಚೂರು ಉತ್ತರಕ್ಕೆ ತಿರುಗಿಸಿ ಇಟ್ಟಿದ್ದೇನೆ.
ಮುಳ್ಳು ಒಂದೂಕಾಲಿನಲ್ಲಿ ಉಂಟು.
ತಪ್ಪು ನನ್ನ ಕಡೆಯದ್ದಲ್ಲ.