ನಾಕು ಹಲ್ಲಿನ ಪಾನಾ

ಬಲಗಡೆಯ ಮುಚ್ಚಳ ಬಿಚ್ಚಿ, ಕಪ್ಪೆಣ್ಣೆ ಬೋಗುಣಿಗೆ ಇಳಿಸಿ
ಬ್ರಹ್ಮಪುರದ ಓಣಿಯಲ್ಲಿ ಬೇವಿನ ನೆರಳು ಸರಿದ ಹಾಗೆಲ್ಲ
ಗಾಡಿಯನ್ನೂ ಸರಿಸುತ್ತ ಕೂತಿದ್ದೆ, ರವಿವಾರ.
ಕ್ಲಚ್ ಜಾರುತ್ತಿತ್ತು. ಕೂಗೇ ಜಾಸ್ತಿ, ಓಟ ಕಡಿಮೆ.
ದಿನಕ್ಕೆ ಇನ್ನೂರು ಮನೆಯ ಮೀಟರ್ ಓದುವವನಿಗೆ
ಕಾಲಿನಷ್ಟೇ ಗಾಡಿಯೂ ಬೇಕು.

ಹತ್ತರ ನಟ್ಟಿಗೆ ಹತ್ತರ ಪಾನಾ,
ಹದಿನಾಲ್ಕಕ್ಕೆ ಹದಿನಾಲ್ಕು,
ಪೇಚಿನ ಗೆರೆಗೆ ಪೇಚಕಸ:
ಅಲ್ಲಿಯವರೆಗೆ ಲೋಕ ಹೇಳಿದ ಮಾತು ಕೇಳಿತು.
ಆಮೇಲೆ ಬಂತು ಅದು.
ದುಂಡನೆಯ ನಟ್ಟು, ಹಿಡಿಯಲು ಒಂದೂ ಮೂಲೆಯಿಲ್ಲ,
ಅಂಚಿಗೆ ನಾಲ್ಕು ಕಚ್ಚು,
ಹಾಲುಹಲ್ಲು ಬಿದ್ದ ಕೂಸು ನಕ್ಕಂತೆ.

ಉಳಿ ಇಟ್ಟು ಸುತ್ತಿಗೆಯಿಂದ ಎರಡು ಬಿಟ್ಟೆ.
ಇದನ್ನು ಯಾರಿಗೂ ಹೇಳುವ ಮನಸ್ಸಿರಲಿಲ್ಲ.

ಸೂಪರ್ ಮಾರ್ಕೆಟ್ಟಿನಲ್ಲಿ ಅಂಗಡಿಯಿಂದ ಅಂಗಡಿಗೆ
ನಾಲ್ಕು ಬೆರಳು ಕೆಳಮುಖ ಮಾಡಿ, ತಿರುವಿ ತೋರಿಸಿದೆ.
ಒಬ್ಬ ಬಲ್ಬಿನ ಹೋಲ್ಡರ್ ತಂದಿಟ್ಟ.
ಒಬ್ಬ, ಕಬ್ಬಿನ ಹಾಲಿನ ಮಷೀನಿಂದೇನು ಅಂದ.
ಮೂರನೆಯವ ಕನ್ನಡಕ ಹಣೆಗೇರಿಸಿ,
"ಹೆಸರು ಹೇಳ್ರಿ ಮೊದಲ.
ಹೆಸರಿಲ್ಲದ ಮಾಲು ಯಾವ ಖಾನ್ಯಾಗ ಹುಡುಕ್ಲಿ?"

"ಅಚ್ಚು ಒಯ್ರಿ" ಅಂದಳು ಕಸ್ತೂರಿಬಾಯಿ.
ಜೋಳದ ಹಿಟ್ಟು ಒತ್ತಿದರೆ ಬಿರಿಯಿತು.
"ಜ್ವಾಳಕ್ಕ ಜಿಗಿ ಇಲ್ಲ, ತಡೀರಿ."
ಗೋಧಿಹಿಟ್ಟು ನಾದಿ, ಎಣ್ಣೆ ಸವರಿ,
ತಾನೇ ಮೊಣಕಾಲೂರಿ ಒತ್ತಿ ತೆಗೆದಳು:
ನಾಲ್ಕು ಪುಟ್ಟ ಹಲ್ಲು, ಅಚ್ಚುಕಟ್ಟು.
ಒಂದರ ಪಕ್ಕ ನನ್ನ ಉಳಿಯ ಗಾಯವೂ ಮೂಡಿತ್ತು.
ನೋಡಿದಳು. ಏನೂ ಅನ್ನಲಿಲ್ಲ.
ಅದೇ ಹೆಚ್ಚಾಯಿತು.

ಬುತ್ತಿಡಬ್ಬಿಯಲ್ಲಿ ಹಿಟ್ಟಿನ ನಟ್ಟು ಹೊತ್ತು
ಮೇ ತಿಂಗಳ ಕಲಬುರಗಿಯನ್ನು ದಾಟಿದೆ.
ಕಪನೂರಿನ ದಾಲ್ ಮಿಲ್ಲಿನಲ್ಲಿ ಮಶಾಕಸಾಬ, ಫಿಟ್ಟರ್.
ಹುಬ್ಬಿನ ಮೇಲೆಲ್ಲ ತೊಗರಿಯ ಧೂಳು,
ಅರಿಷಿಣ ಹಚ್ಚಿದ ಮದುಮಗನ ಹಾಗೆ.
ಡಬ್ಬಿ ತೆರೆದು ಒಳಗೆ ಇಣುಕಿದ.
"ಬಿಸಲಿಗೆ ಇದು ಅರ್ಧ ಸೂತ ಸಣ್ಣಾಗೇದ.
ಹಿಟ್ಟು ನೋಡಿ ನಟ್ಟು ಬಿಚ್ಚೂದಂದ್ರ
ಫೋಟೋ ನೋಡಿ ಲಗ್ನಾದಂಗ. ಗಾಡೀನೇ ತರ್ರಿ."

ತೆರೆದ ಹೊಟ್ಟೆಗೆ ಪ್ಲಾಸ್ಟಿಕ್ಕು ಕಟ್ಟಿ
ಕಪನೂರಿನವರೆಗೆ ನೂಕಿದೆ.
ಹ್ಯಾಂಡಲ್ ಸುಡುತ್ತಿತ್ತು. ಕೇಳಿದವರಿಗೆಲ್ಲ ಪೆಟ್ರೋಲ್ ಖಾಲಿ ಅಂದೆ,
ಇಬ್ಬರು ಬಾಟಲಿ ಹಿಡಿದೂ ಬಂದರು.

ಅವನು ಕೂತ. ನಟ್ಟಿನ ಮೇಲೆ ಬೆರಳಾಡಿಸಿ
ಗಾಯದ ಹತ್ತಿರ ನಿಲ್ಲಿಸಿದ.
"ಉಳಿ ಹಚ್ಚೀರಿ."
ಪ್ರಶ್ನೆಯಲ್ಲ ಅದು.
"ಸಿಟ್ಟು ಬಂದಾಗ ಹಾತೋಡಿ ಕೈಗೆ ತಾನೇ ಬರ್ತದ.
ಪಾನಾ ಹಂಗಲ್ಲ, ಹುಡುಕ್ಬೇಕು."

ಹಳೆಯ ಪ್ಲಗ್ ಪಾನಾದ ಕೊಳವೆ, ಒಂದು ಚೂರು ಸೀಮೆಸುಣ್ಣ,
ಕಾನಸ. ಉಜ್ಜುವುದು, ಇಟ್ಟು ನೋಡುವುದು,
ತಲೆಯಾಡಿಸುವುದು, ಮತ್ತೆ ಉಜ್ಜುವುದು.
ಒಂದು ತಾಸು ಮಾತಿಲ್ಲ.
ಮಿಲ್ಲಿನೊಳಗೆ ಬೇಳೆ ಸೊಸ್ ಸೊಸ್ ಅಂತ ಒಡೆಯುತ್ತಿತ್ತು.
ಕಡೆಗೊಮ್ಮೆ ಕೊಳವೆಯ ನಾಲ್ಕು ಹಲ್ಲು
ನಟ್ಟಿನ ನಾಲ್ಕು ಬೊಕ್ಕಿಗೆ ಕೂತವು.
ಗಾಯವಾದಲ್ಲೂ ಕೂತಿತು; ಅಲ್ಲಿಗೆಂದೇ
ಹಲ್ಲನ್ನು ಒಂದಿಷ್ಟು ಸವೆಸಿದ್ದ.

ಗೇರಿನ ನಡುವೆ ತಾಮ್ರದ ತುಂಡು ಸಿಕ್ಕಿಸಿ
"ಹೂಂ, ನೀವೇ ತಿರುವ್ರಿ" ಅಂದ.
ಟಕ್.
ಇಷ್ಟೇ ಇತ್ತು.

ದುಡ್ಡು ಕೊಡಹೋದರೆ ಕೈ ಒರೆಸಿಕೊಳ್ಳುತ್ತ,
"ರೊಕ್ಕ ಬ್ಯಾಡ್ರಿ. ನಮ್ಮನಿ ಮೀಟರ್ ಭಾಳ ಓಡ್ತದ,
ಅದಕ್ಕೇನರೆ ಮಾಡ್ರಿ."
ನಾನು ಓದುವವ ಮಾತ್ರ, ಮಶಾಕಭಾಯಿ,
ಅದನ್ನು ಹಿಡಿದು ನಿಲ್ಲಿಸುವ ಪಾನಾ
ನಮ್ಮ ಆಫೀಸಿನಲ್ಲೂ ಯಾರೂ ಕಂಡಿಲ್ಲ.
ನಕ್ಕ. ಅವನಿಗೂ ಮುಂದಿನ ಎರಡು ಹಲ್ಲಿರಲಿಲ್ಲ.

ಈಗ ಅದು ಅಡುಗೆಮನೆಯ ಮೊಳೆಗೆ, ಜರಡಿಯ ಪಕ್ಕ.
ಓಣಿಯ ಹುಡುಗರು ಬಂದು ಬಾಗಿಲಲ್ಲಿ ನಿಂತು
ನಾಲ್ಕು ಬೆರಳು ಕೆಳಗೆ ಚಾಚಿ ತಿರುವುತ್ತಾರೆ.
ಕಸ್ತೂರಿಬಾಯಿ ತೆಗೆದುಕೊಡುತ್ತಾಳೆ,
ಹೆಸರು ಕೇಳದೆ.