ಪಾವಡಿ

ನಸುಕಿನ ನಾಲ್ಕೂವರೆ. ನವನಗರದ ನಮ್ಮ ಮನೆಯಲ್ಲಿ
ಮೊದಲು ಏಳುವುದು ನಾನಲ್ಲ, ನನ್ನ ಎಡ ಮೊಣಕಾಲು.
ಹಾಸಿಗೆಯಲ್ಲೇ ಒಮ್ಮೆ ಮಡಚಿ ಕೇಳುತ್ತೇನೆ:
ಇವತ್ತ ಹೆಂಗ?
'ಕಟ್' ಅಂದರೆ ಓಟವಿಲ್ಲ, ಸೈಕಲ್ಲು.
'ಕಟಕಟ' ಅಂದರೆ ಸೈಕಲ್ಲೂ ಇಲ್ಲ, ನೀರು.
ಏನೂ ಅನ್ನದಿದ್ದರೆ ಹೆದರಿಕೆ.
ಸುಮ್ಮನಿದ್ದ ದಿನವೇ ಅದು ಕೈಕೊಟ್ಟದ್ದು ಹೆಚ್ಚು.

ಹತ್ತೊಂಬತ್ತನೆಯ ವಯಸ್ಸು, ಗದ್ದನಕೇರಿ ಕ್ರಾಸಿನ ತಿರುವು,
ಕಬ್ಬಿನ ಟ್ರ್ಯಾಕ್ಟರಿನಿಂದ ಉದುರಿದ ಒಂದೇ ಒಂದು ಗಣಿಕೆ.
ಮುಂದಿನ ಗಾಲಿ ಅದರ ಮೇಲೆ ಹಾಯಿತು.
ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದಿತ್ತಂತೆ.
ಹಾಸ್ಟೆಲ್ಲಿನ ಟ್ರಂಕು ತಂದು ಅಟ್ಟದ ಮೇಲಿಟ್ಟರು.

ಈಗ ನಲವತ್ತಮೂರು. ಬಸ್ ಡಿಪೋದಲ್ಲಿ ಕೆಲಸ.
ಟೈರು ಎಷ್ಟು ಸವೆದಿದೆ ಅಂತ ಬೆರಳಾಡಿಸಿ ಹೇಳಬಲ್ಲೆ.
ಡಾಕ್ಟರ್ ಕಂಠಿಯವರು ಫಿಲ್ಮನ್ನು ಬೆಳಕಿಗೆ ಹಿಡಿದು
'ಒಳಗಿನ ಮೆತ್ತೆ ಸವದದರೀ' ಅಂದಾಗ
ಒಂದೇ ಕೇಳಿದೆ: ಇನ್ನ ಎಷ್ಟ ಕಿಲೋಮೀಟರ್ ಬರತದ?
ಅವರು ನಕ್ಕರು. ನಾನು ನಗಲಿಲ್ಲ.

ಈಜು ನಾಲ್ಕಕ್ಕೆ ತುಸು ಕಡಿಮೆ. ಸೈಕಲ್ಲು ನೂರಾ ಎಂಬತ್ತು.
ಆಮೇಲೆ ಓಟ, ನಲವತ್ತೆರಡು. ಒಂದೇ ದಿನದಲ್ಲಿ.
ಡಿಪೋದಲ್ಲಿ ಹೇಳಿದರೆ ಮಲಿಕಸಾಬ ಸ್ಪ್ಯಾನರ್ ಕೆಳಗಿಟ್ಟು
'ಯಾಕ್ರೀ, ಬಸ್ ಇರಲಿಲ್ಲೇನು?' ಅಂದ.

ಹಿನ್ನೀರಿನಲ್ಲಿ ಕಾಲು ಹಗುರ.
ತೆಪ್ಪದಲ್ಲಿ ಶಿವರುದ್ರ ಅಂಬಿಗೇರ ಪಕ್ಕಕ್ಕೇ ಬರುತ್ತಾನೆ,
ನಡುನಡುವೆ ಹುಟ್ಟು ನಿಲ್ಲಿಸಿ ಊರು ತೋರಿಸುತ್ತಾನೆ:
'ಈಗ ಹಿಟ್ಟಿನ ಗಿರಣಿ ಮ್ಯಾಲ ಅದೀರಿ ನೋಡ್ರಿ ಅಕ್ಕಾರ.'
'ಈಗ ನಿಮ್ಮ ಸಾಲಿ.'
ಮುಖ ಕೆಳಗೆ ಮಾಡಿ ನನ್ನ ಶಾಲೆಯ ಮೇಲೆ ಹಾಯುತ್ತೇನೆ.
ಏನೂ ಕಾಣದು, ಹಸಿರು ರಾಡಿ.
ಅಲ್ಲೆಲ್ಲೋ ಕೆಳಗೆ ಕುಂಟಾಬಿಲ್ಲೆಯ ಮನೆಗಳು,
ಇದೇ ಎಡಗಾಲೊಂದರಲ್ಲೇ ಇಡೀ ಬಿಡುವು ದಾಟಿದ್ದು.
ಬೇಸಿಗೆಗೆ ನೀರು ಇಳಿದು
ಗೋಡೆಗಳು ಮೊಣಕಾಲುದ್ದ ಎದ್ದು ನಿಲ್ಲುತ್ತವೆ.
ಆಗ ಈಜಿಲ್ಲ.

ಮನೆಯಲ್ಲಿ ಬಿಸಿನೀರಿನ ಚೀಲ ಒಂದೇ.
ರಾತ್ರಿ ಎಂಟರ ತನಕ ನಮ್ಮತ್ತೆ ಬನಶಂಕರೆವ್ವಗ, ಆಮೇಲೆ ನನಗ.
ಗುಳೇದಗುಡ್ಡದ ಕುಣಿಮಗ್ಗದಲ್ಲಿ
ಮೂವತ್ತೆಂಟು ವರ್ಷ ಖಣ ನೇಯ್ದ ಕಾಲು ಆಕೆಯವು.
'ರೊಕ್ಕಾ ಕೊಟ್ಟ ನೋವ ತಗೋತಿ, ಹುಚ್ಚಿ' ಎಂದು ಬೈಯುತ್ತಲೇ
ಎಕ್ಕೆ ಎಲೆ ಕಾಸಿ ಕಟ್ಟುತ್ತಾಳೆ,
ನನಗೊಂದು, ತನಗೆರಡು.

ಒಂದು ರಾತ್ರಿ ನನ್ನ ವಾರದ ಲೆಕ್ಕದ ವಹಿ ನೋಡಿ ಕೇಳಿದಳು:
'ಪಾವಡಿ ಒಮ್ಮಿ ತುಳದ್ರ ನಿನ್ನ ಸೈಕಲ್ ಎಷ್ಟ ಹೋಗತದ?'
ಐದು ಮೀಟರ್, ಅತ್ತಿ.
ಬೆರಳು ಮಡಚತೊಡಗಿದಳು. ಒಂದು ಖಣಕ್ಕೆ ಇಷ್ಟು ಹೊಕ್ಕು,
ದಿನಕ್ಕೆ ಇಷ್ಟು, ಅಮಾವಾಸ್ಯೆ ಸೂಟಿ, ಬಾಣಂತನ ಬಿಟ್ಟು.
ಎರಡೂ ಕೈ ಮುಗಿದ ಮೇಲೆ ನಾನು ಮೊಬೈಲಿನಲ್ಲಿ ಗುಣಿಸಿದೆ.
ಸೊನ್ನೆಗಳನ್ನು ಮತ್ತೊಮ್ಮೆ ಎಣಿಸಿದೆ.
ಅತ್ತಿ, ನೀ ಚಂದ್ರನ್ನ ಮುಟ್ಟಿ
ಅರ್ಧ ದಾರಿ ಹೊಳ್ಳಿ ಬಂದೀದಿ.

ಆಕೆ ಎಲೆ ಸರಿಮಾಡಿಕೊಂಡಳು. ಬಹಳ ಹೊತ್ತಿನ ಮೇಲೆ,
'ಕುಣಿ ಬಿಟ್ಟ ಮ್ಯಾಲ ಬರಲೇ ಇಲ್ಲಲಾ.'

ಅವತ್ತಿನಿಂದ ವಹಿಯಲ್ಲಿ ನಾನು ಬರೆಯುವುದು ಕಡಿಮೆ.
ನೋವು ಹತ್ತರಲ್ಲಿ ಎಷ್ಟು, ಅಂತ ಕೇಳುವ ಕಾಲಂ
ಖಾಲಿ ಬಿಡುತ್ತೇನೆ.

ಇಂದು ಕತ್ತಲಲ್ಲಿ ಕಾಲು ಮಡಚಿದೆ: ಕಟ್.
ಗೋಡೆಯಾಚೆ ಮಂಚದ ಮೇಲೆ ಇನ್ನೊಂದು: ಕಟ್.
ಎದ್ದಿದ್ದಾಳೆ.
ಪಂಪು ಹೊಡೆಯುವ ಸದ್ದಿಗೆ ಒಳಗಿನಿಂದಲೇ ಕೂಗಿದಳು:
'ಇವತ್ತ ಎಲ್ಲೀತನಾ?'
ಕಲಾದಗಿ ದಾಟಿ, ಲೋಕಾಪುರ.
'ಬರೂವಾಗ ಚಿಕ್ಕು ತಗೊಂಡ ಬಾ.
ಒತ್ತಿ ನೋಡು, ಮೆತ್ತಗಿರಲಿ.'